ಕರೆಂಟಿನ ಲೆಕ್ಕ ರೈತನ ಕೈಯಲ್ಲಿರಲಿ

(ನಾಗರಬಾವಿಯಲ್ಲಿ ಸೇರಿದ್ದ ರೈತ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಎರಡು ಥರದ ಜನ ಕೂತಿದ್ದೀರಿ. ನಾಗರಬಾವಿ, ಮಲ್ಲತ್ತಹಳ್ಳಿ, ಉಲ್ಲಾಳಿನ ಹಳೆಯ ಒಕ್ಕಲು ಮನೆಗಳವರು ಒಂದು ಕಡೆ. ನಿಮ್ಮ ರಾಗಿ ಹೊಲಗಳು ಬಡಾವಣೆಗೆ ಹೋದವು. ಉಳಿದ ಜಾಗದಲ್ಲಿ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದೀರಿ. ಮಾಗಡಿ, ತಾವರೆಕೆರೆ, ಕುಣಿಗಲ್ ಕಡೆಯಿಂದ ಬಂದ ಒಕ್ಕಲಿನವರು ಇನ್ನೊಂದು ಕಡೆ. ನಿಮ್ಮ ಮಕ್ಕಳು ಓದುವುದಕ್ಕೋ ನೌಕರಿಗೋ ಬಂದು ಇದೇ ಮನೆಗಳಲ್ಲಿ ಬಾಡಿಗೆಗೆ ಇದ್ದಾರೆ. ಇಬ್ಬರ ಮಧ್ಯೆ ಗೋಡೆಯ ಮೇಲೆ ಒಂದು ಕರೆಂಟ್ ಮೀಟರ್ ಇದೆ. ಅದರ ವಿಚಾರವಾಗಿಯೇ ಇವತ್ತು ನಾಲ್ಕು ಮಾತು ಹೇಳಬೇಕು ಅಂತ ಬಂದಿದ್ದೇನೆ.

ನಿಮ್ಮ ಊರಿನ ಹೆಸರಲ್ಲೇ ಬಾವಿ ಇದೆ. ಹಿಂದೆ ಬಾವಿಗೆ ಕಪಿಲೆ ಕಟ್ಟಿ ನೀರು ಎತ್ತುತ್ತಿದ್ದವನಿಗೆ ಎಷ್ಟು ಬಾನಿ ನೀರು ಬಂತು, ಎತ್ತಿಗೆ ಎಷ್ಟು ದಣಿವಾಯಿತು ಅನ್ನುವುದು ಯಾರೂ ಹೇಳಿಕೊಡದೆ ಗೊತ್ತಿತ್ತು. ಎತ್ತು ನಿಂತರೆ ಲೆಕ್ಕವೂ ನಿಲ್ಲುತ್ತಿತ್ತು. ಈಗ ಗುಂಡಿ ಒತ್ತಿದರೆ ನೀರು ಬರುತ್ತೆ, ಗುಂಡಿ ಒತ್ತಿದರೆ ನೀರು ಕಾಯುತ್ತೆ. ದಣಿವು ಯಾರಿಗೂ ಕಾಣುವುದಿಲ್ಲ. ತಿಂಗಳ ಕೊನೆಗೆ ಒಂದು ಚೀಟಿ ಬರುತ್ತೆ. ಅದನ್ನು ಯಾರೂ ಓದುವುದಿಲ್ಲ. ಕೆಳಗಿನ ಮೊತ್ತ ನೋಡಿ ಹಣ ಕಟ್ಟುತ್ತೇವೆ, ಇಲ್ಲವೇ ಸೊನ್ನೆ ನೋಡಿ ಮಡಚಿ ಇಡುತ್ತೇವೆ. ಒಂದು ಮೂಟೆ ರಾಗಿಯ ತೂಕದಲ್ಲಿ ಅರ್ಧ ಕಿಲೋ ಹೆಚ್ಚುಕಮ್ಮಿಯಾದರೆ ಮಂಡಿಯಲ್ಲಿ ಜಗಳಕ್ಕೆ ನಿಲ್ಲುವ ನಾವು, ಕರೆಂಟಿನ ತೂಕವನ್ನು ಇನ್ನೊಬ್ಬರ ಕೈಗೆ ಬಿಟ್ಟು ಸುಮ್ಮನಿದ್ದೇವೆ.

ಆ ತೂಕ ಹೇಗೆ ಅನ್ನುವುದನ್ನು ಮೊದಲು ಹೇಳುತ್ತೇನೆ. ಇದಕ್ಕೆ ಇಂಜಿನಿಯರ್ ಆಗಬೇಕಿಲ್ಲ, ಏಳನೇ ಕ್ಲಾಸಿನ ಗುಣಾಕಾರ ಭಾಗಾಕಾರ ಸಾಕು. ಪ್ರತಿಯೊಂದು ಸಾಮಾನಿನ ಮೇಲೂ ಎಷ್ಟು ವ್ಯಾಟ್ ಅಂತ ಬರೆದಿರುತ್ತೆ. ಆ ವ್ಯಾಟನ್ನು ಅದು ಓಡುವ ಗಂಟೆಯಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಬರುವುದೇ ಯೂನಿಟ್. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಕಾದರೆ ಒಂದು ಯೂನಿಟ್. ಹಳೆಯ 100 ವ್ಯಾಟಿನ ಬುರುಡೆ ಬಲ್ಬು ಹತ್ತು ಗಂಟೆ ಉರಿದರೆ ಒಂದು ಯೂನಿಟ್. ಈಗಿನ 9 ವ್ಯಾಟಿನ ಎಲ್.ಇ.ಡಿ. ಬಲ್ಬು ಒಂದು ಯೂನಿಟ್ ತಿನ್ನಬೇಕಾದರೆ 111 ಗಂಟೆ ಉರಿಯಬೇಕು.

ಇನ್ನು ಒಂದು ಯೂನಿಟ್ಟಿನ ಬೆಲೆ. 2024ರ ಏಪ್ರಿಲ್‌ನಿಂದ ಮನೆಬಳಕೆಗೆ ಸ್ಲ್ಯಾಬ್ ತೆಗೆದು ಎಲ್ಲ ಯೂನಿಟ್ಟಿಗೂ ಒಂದೇ ದರ ಮಾಡಿದರು, 5 ರೂಪಾಯಿ 90 ಪೈಸೆ. 2025ರ ಏಪ್ರಿಲ್ ಆದೇಶದಲ್ಲಿ ಅದನ್ನು 5 ರೂಪಾಯಿ 80 ಪೈಸೆಗೆ ಇಳಿಸಿದರು. ಹತ್ತು ಪೈಸೆ ಇಳಿಯಿತಲ್ಲ ಅಂತ ಖುಷಿಪಡುವಷ್ಟರಲ್ಲಿ, ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಅಂತ ಯೂನಿಟ್ಟಿಗೆ 36 ಪೈಸೆ ಸೇರಿಸಿದರು. ಸ್ಥಿರ ಶುಲ್ಕವನ್ನು ಕಿಲೋವ್ಯಾಟಿಗೆ 120 ರೂಪಾಯಿಯಿಂದ 145ಕ್ಕೆ ಏರಿಸಿದರು. ಕರೆಂಟಿನ ಚಾರ್ಜಿನ ಮೇಲೆ ಶೇಕಡಾ 9 ತೆರಿಗೆ ಬೇರೆ. ಹೀಗೆ ಸ್ಥಿರ ಶುಲ್ಕ ಬಿಟ್ಟು ಕೂಡಿದರೆ 2025ರ ಆ ದರದಲ್ಲಿ ಯೂನಿಟ್ಟಿಗೆ 6 ರೂಪಾಯಿ 68 ಪೈಸೆ ಬೀಳುತ್ತಿತ್ತು. ಬಾಯಿಲೆಕ್ಕಕ್ಕೆ ಸುಲಭವಾಗಲಿ, ಏಳು ರೂಪಾಯಿ ಅಂತ ಇಟ್ಟುಕೊಳ್ಳೋಣ.

ಈ ಏಳು ರೂಪಾಯಿಯನ್ನು ನಮ್ಮ ನಾಣ್ಯಕ್ಕೆ ಬದಲಾಯಿಸಿ ನೋಡಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು. ಆ ಬೆಲೆ ನಮಗೆ ಪೂರಾ ಸಿಕ್ಕಿದರೂ ಒಂದು ಯೂನಿಟ್ ಅಂದರೆ 140 ಗ್ರಾಂ ರಾಗಿ. ಒಂದು ದೊಡ್ಡ ಮುದ್ದೆ. ಇನ್ನು ಮೇಲೆ ಯೂನಿಟ್ ಅಂದಾಗಲೆಲ್ಲ ಮುದ್ದೆ ಅಂತಲೇ ನೆನಪಿಟ್ಟುಕೊಳ್ಳಿ.

ಈಗ ಇಲ್ಲಿಯ ಒಂದು ಸಾಧಾರಣ ಮನೆ ತೆಗೆದುಕೊಳ್ಳೋಣ. ಗಂಡ, ಹೆಂಡತಿ, ಎರಡು ಮಕ್ಕಳು. ತಿಂಗಳಿಗೆ ಮೂವತ್ತು ದಿನ ಲೆಕ್ಕ.

9 ವ್ಯಾಟಿನ ಐದು ಬಲ್ಬು, ದಿನಕ್ಕೆ ಐದು ಗಂಟೆ: ತಿಂಗಳಿಗೆ 7 ಯೂನಿಟ್.
75 ವ್ಯಾಟಿನ ಎರಡು ಫ್ಯಾನು, ಎಂಟೆಂಟು ಗಂಟೆ: 36 ಯೂನಿಟ್.
ಚಿಕ್ಕ ಫ್ರಿಜ್: 20 ಯೂನಿಟ್. ಇದನ್ನು ಗಂಟೆಯಿಂದ ಗುಣಿಸಬೇಡಿ. ಅದು ಹತ್ತಿ ನಿಂತು ಮಾಡುತ್ತಿರುತ್ತೆ. ಸ್ಟಾರ್ ಹಚ್ಚಿದ ಚೀಟಿಯ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಇರುತ್ತೆ, ಹನ್ನೆರಡರಿಂದ ಭಾಗಿಸಿಕೊಳ್ಳಿ.
80 ವ್ಯಾಟಿನ ಟೀವಿ ನಾಲ್ಕು ಗಂಟೆ: 10 ಯೂನಿಟ್. ಅದರ ಕೆಳಗಿನ ಸೆಟ್‌ಟಾಪ್ ಪೆಟ್ಟಿಗೆಯನ್ನು ಯಾರೂ ಆರಿಸುವುದಿಲ್ಲ. ಹತ್ತೇ ವ್ಯಾಟು, ಆದರೆ ಹಗಲೂ ರಾತ್ರಿ: 7 ಯೂನಿಟ್.
ಮಿಕ್ಸಿ 750 ವ್ಯಾಟು, ದಿನಕ್ಕೆ ಹನ್ನೆರಡು ನಿಮಿಷ: 5 ಯೂನಿಟ್ಟಿನ ಒಳಗೆ.
ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಒಂದು ಎಚ್.ಪಿ. ಮೋಟರು, ದಿನಕ್ಕೆ ಇಪ್ಪತ್ತು ನಿಮಿಷ: 10 ಯೂನಿಟ್.
ಬಟ್ಟೆ ಒಗೆಯುವ ಮೆಷಿನ್ನು ದಿನ ಬಿಟ್ಟು ದಿನ: 6 ಯೂನಿಟ್. ಇಸ್ತ್ರಿ ತಿಂಗಳಲ್ಲಿ ಎಂಟು ಸಲ ಅರ್ಧರ್ಧ ಗಂಟೆ: 4 ಯೂನಿಟ್.
ಇನ್ನು ಗೀಸರು. 2,000 ವ್ಯಾಟು, ದಿನಕ್ಕೆ ಒಂದು ಗಂಟೆ: 60 ಯೂನಿಟ್.

ಒಟ್ಟು 165 ಯೂನಿಟ್. ಇದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಒಂದೇ ಗೀಸರು ತಿಂದಿದೆ. ತಿಂಗಳಿಗೆ 420 ರೂಪಾಯಿ, ಎಂಟೂವರೆ ಕಿಲೋ ರಾಗಿ.

ತಾಯಂದಿರು ನಗುತ್ತಿದ್ದೀರಿ, ಯಾಕೆ ಅಂತ ನನಗೆ ಗೊತ್ತು. ಬಿಲ್ಲು ಹೆಚ್ಚಾದ ತಿಂಗಳು ನಮ್ಮ ಗಂಡಸರ ಬಾಯಲ್ಲಿ ಮೊದಲು ಬರುವ ಮಾತು, "ದಿನವೆಲ್ಲ ಮಿಕ್ಸಿ ಓಡಿಸ್ತೀಯ, ಟೀವಿ ಹಾಕ್ಕೊಂಡು ಕೂರ್ತೀಯ" ಅಂತ. ಮಿಕ್ಸಿಯ ಖರ್ಚು ತಿಂಗಳಿಗೆ ಮೂವತ್ತೆರಡು ರೂಪಾಯಿ ಕಣ್ರೀ. ಯಜಮಾನರು ಗೀಸರ್ ಹಾಕಿ, ಪೇಪರ್ ಓದಿ, ಕಾಫಿ ಕುಡಿದು, ಆಮೇಲೆ ಸ್ನಾನಕ್ಕೆ ಹೋಗುವುದರ ಖರ್ಚು ಅದರ ಹದಿಮೂರರಷ್ಟು. ನಮ್ಮ ಮನೆಯಲ್ಲೂ ಈ ಮಾತು ಆಡುತ್ತಿದ್ದವನು ನಾನೇ. ಲೆಕ್ಕ ಹಾಕಿದ ಮೇಲೆ ಬಾಯಿ ಮುಚ್ಚಿಕೊಂಡೆ.

ನೀರು ಕಾಯಿಸುವುದೇ ಅತಿ ದುಬಾರಿ ಕೆಲಸ. ಒಂದು ಬಕೆಟ್ಟು, ಅಂದರೆ ಇಪ್ಪತ್ತು ಲೀಟರ್ ತಣ್ಣೀರನ್ನು ಮೈಗೆ ಹಿತವಾಗುವಷ್ಟು ಬಿಸಿ ಮಾಡಲು ಸುಮಾರು ಅರ್ಧ ಯೂನಿಟ್ ಬೇಕೇ ಬೇಕು. ಗೀಸರ್ ಆದರೂ ಅಷ್ಟೆ, ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಆದರೂ ಅಷ್ಟೆ. ಹೆಚ್ಚಿಗೆ ಹೋಗುವುದೆಲ್ಲ ಕಾದು ನಿಂತು ಆರಿದ ನೀರಿಗೆ. ಹಳ್ಳಿಯವರು ತೆಂಗಿನ ಗರಿ, ಮಟ್ಟೆ ಹಾಕಿ ಕಾಯಿಸುವ ಬಚ್ಚಲ ಹಂಡೆಯನ್ನು ಗುಜರಿಗೆ ಹಾಕಿ ಗೀಸರ್ ತರುವ ಮುಂಚೆ ಈ ಲೆಕ್ಕವನ್ನು ಒಮ್ಮೆ ಮಾಡಿ. ಬೇಡ ಅಂತ ನಾನು ಹೇಳುವುದಿಲ್ಲ. ಹೊಗೆಯಲ್ಲಿ ಕೆಮ್ಮುವ ಹೆಂಗಸಿನ ಕಷ್ಟವೂ ಲೆಕ್ಕಕ್ಕೆ ಬರಬೇಕು. ಗೊತ್ತಿದ್ದು ತನ್ನಿ ಅಂತಷ್ಟೇ ಹೇಳುತ್ತೇನೆ.

"ನಮಗೆ ಗೃಹಜ್ಯೋತಿ ಇದೆ, ಬಿಲ್ಲೇ ಬರಲ್ಲ, ಇದೆಲ್ಲ ಯಾಕೆ?" ಅಂತ ಕೇಳುವವರಿದ್ದೀರಿ. ನಿಮಗೇ ಈ ಲೆಕ್ಕ ಹೆಚ್ಚು ಬೇಕು. 2023ರಲ್ಲಿ ಯೋಜನೆ ತಂದಾಗ ಎಲ್ಲರಿಗೂ 200 ಯೂನಿಟ್ ಬಿಟ್ಟಿ ಅಂತ ಮಾಡಲಿಲ್ಲ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅದರ ಮೇಲೆ ಶೇಕಡಾ 10 ಸೇರಿಸಿ, ಅದು ನಿಮ್ಮ ಪಾಲು ಅಂದರು. ಆಗ ಸರಾಸರಿ 150 ಬಳಸಿದವರ ಪಾಲು 165. ಅಷ್ಟರೊಳಗೆ ಇದ್ದರೆ ಸೊನ್ನೆ ಬಿಲ್ಲು. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ಹಣ. 200 ದಾಟಿತೋ, ಮೊದಲನೇ ಯೂನಿಟ್ಟಿನಿಂದ ಪೂರಾ ಬಿಲ್ಲು.

ಇದರ ಅರ್ಥ ಏನು ನೋಡಿ. ನಾನು ಹೇಳಿದ ಮನೆಯವರು ಒಂದು ತಿಂಗಳು 199 ಯೂನಿಟ್ ಸುಟ್ಟರೆ ಹೆಚ್ಚಾದ 34 ಯೂನಿಟ್ಟಿಗೆ 238 ರೂಪಾಯಿ ಆಗುತ್ತೆ. 201 ಸುಟ್ಟರೆ 1,407 ರೂಪಾಯಿ, ಅದರ ಮೇಲೆ ಸ್ಥಿರ ಶುಲ್ಕ. 2025ರ ದರದಲ್ಲಿ, ಮೂರು ಕಿಲೋವ್ಯಾಟ್ ಮಂಜೂರಾಗಿದ್ದರೆ 435. ಎರಡೂ ಸೇರಿ 1,842 ರೂಪಾಯಿ. ಎರಡು ಯೂನಿಟ್ಟಿಗೆ, ಗೀಸರಿನ ಒಂದು ಗಂಟೆಗೆ, 1,600 ರೂಪಾಯಿ ವ್ಯತ್ಯಾಸ. ಹಬ್ಬಕ್ಕೆ ನೆಂಟರು ನಾಲ್ಕು ಜನ ಬಂದರೆ ಸಾಕು. ತಿಂಗಳ ಇಪ್ಪತ್ತನೇ ತಾರೀಖಿಗೆ ಮೀಟರ್ ನೋಡುವವನಿಗೆ ಇದು ಮುಂಚೆಯೇ ಗೊತ್ತಾಗುತ್ತೆ. ನೋಡದವನಿಗೆ ಬಿಲ್ಲು ಬಂದ ಮೇಲೆ ಗೊತ್ತಾಗುತ್ತೆ.

ಸಾಮಾನಿನ ಮೇಲೆ ಬರೆದ ವ್ಯಾಟ್ ಅಳಿಸಿಹೋಗಿದ್ದರೆ ಮೀಟರೇ ಹೇಳುತ್ತೆ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಾ ಇರುತ್ತೆ. ಅದರ ಮುಖದ ಮೇಲೆ 3200 ಅಂತಲೋ 1600 ಅಂತಲೋ ಬರೆದಿರುತ್ತೆ. ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ಮನೆಯ ಎಲ್ಲ ಸಾಮಾನು ಆರಿಸಿ, ನಿಮಗೆ ಅನುಮಾನ ಇರುವ ಒಂದನ್ನು ಮಾತ್ರ ಹಾಕಿ. ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿ. 3200ರ ಮೀಟರಿನಲ್ಲಿ 75 ವ್ಯಾಟಿನ ಫ್ಯಾನಿಗೆ ನಿಮಿಷಕ್ಕೆ ನಾಲ್ಕು ಸಲ, ಗೀಸರಿಗೆ ನೂರಕ್ಕೂ ಮೇಲೆ. ನಿಮಿಷದ ಎಣಿಕೆಯನ್ನು ಅರವತ್ತರಿಂದ ಗುಣಿಸಿ 3200ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಯೂನಿಟ್ ಅಂತ ಬರುತ್ತೆ. ಎಲ್ಲವನ್ನೂ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಎಲ್ಲೋ ಕರೆಂಟು ಸೋರುತ್ತಿದೆ, ಇಲ್ಲವೇ ನಿಮ್ಮ ಲೈನಿನಿಂದ ಇನ್ನೊಬ್ಬರು ಎಳೆದುಕೊಂಡಿದ್ದಾರೆ. ತಕ್ಷಣ ತಿಳಿದವರನ್ನು ಕರೆಸಿ, ಕೈ ಹಾಕಬೇಡಿ.

ಈಗ ಬಾಡಿಗೆಯ ವಿಷಯ. ಸ್ವಲ್ಪ ಕಹಿಯಾಗಿದೆ, ಆದರೂ ಹೇಳಲೇಬೇಕು. ನನ್ನ ತಮ್ಮನ ಮಗ ಓದುವುದಕ್ಕೆ ಈ ಕಡೆ ಒಂದು ರೂಮು ಮಾಡಿದ್ದ. ಇಬ್ಬರು ಹುಡುಗರು. ಬಾಡಿಗೆಯ ಜೊತೆಗೆ ಕರೆಂಟಿಗೆ ಅಂತ ತಲೆಗೆ 500, ಇಬ್ಬರಿಂದ ಸಾವಿರ ರೂಪಾಯಿ. ತಮ್ಮ ಹಾಲಿನ ದುಡ್ಡಲ್ಲಿ ಕಳಿಸುತ್ತಿದ್ದ. ನಾನು ಬಂದಾಗ ಹುಡುಗರ ಜೊತೆ ಕೂತು ಲೆಕ್ಕ ಹಾಕಿದೆ. ಎರಡು ಬಲ್ಬು, ಒಂದು ಫ್ಯಾನು ಹತ್ತು ಗಂಟೆ, ಒಂದು ಲ್ಯಾಪ್‌ಟಾಪು, ಎರಡು ಫೋನು, ಸ್ನಾನಕ್ಕೆ ಕಾಯಿಲ್ ಇಬ್ಬರಿಂದ ನಲವತ್ತು ನಿಮಿಷ. ದಿನಕ್ಕೆ 2.2 ಯೂನಿಟ್, ತಿಂಗಳಿಗೆ 66. ಏಳು ರೂಪಾಯಿಯಂತೆ 462.

ಚೀಟಿ ಹಿಡಿದುಕೊಂಡು ಮನೆ ಮಾಲೀಕರ ಹತ್ತಿರ ಹೋದೆ. ಅವರೂ ಒಂದು ಕಾಲಕ್ಕೆ ಇಲ್ಲೇ ಹೊಲ ಉತ್ತಿದ್ದವರು. "ಯಜಮಾನ್ರೇ, ಇದು ಹೆಂಗೆ?" ಅಂದೆ. ಮೊದಲು ಸಿಟ್ಟು ಬಂತು. "ಬೇಕಾದ್ರೆ ಇರ್ಲಿ, ಇಲ್ಲದಿದ್ರೆ ಖಾಲಿ ಮಾಡ್ಲಿ" ಅಂದರು. ಆಮೇಲೆ ಚೀಟಿ ಕೈಗೆ ತೆಗೆದುಕೊಂಡು ಓದಿದರು. "ನೋಡಣ್ಣ, ಮೆಟ್ಟಿಲ ದೀಪ, ನೀರಿನ ಮೋಟರು ಎಲ್ಲ ನನ್ನ ಲೆಕ್ಕಕ್ಕೇ ಬರ್ತದೆ. ಎಷ್ಟಾಗ್ತದೆ ಅಂತ ನಾನೂ ಯಾವತ್ತೂ ನೋಡ್ಲಿಲ್ಲ. ಎಲ್ಲರೂ ಐನೂರು ತಗೋತಾರೆ, ನಾನೂ ತಗೊಂಡೆ" ಅಂದರು. ಅವರ ಮಾತು ಸುಳ್ಳಲ್ಲ. ಇಬ್ಬರೂ ಕೂತು ಮೋಟರಿನ ಪಾಲು, ಮೆಟ್ಟಿಲ ದೀಪ ಎಲ್ಲ ಸೇರಿಸಿ ಇಬ್ಬರು ಹುಡುಗರಿಗೆ 550 ಅಂತ ತೀರ್ಮಾನ ಮಾಡಿದೆವು. ತಿಂಗಳಿಗೆ 450 ಉಳಿಯಿತು. ವರ್ಷಕ್ಕೆ 5,400. ಬೆಂಬಲ ಬೆಲೆಯಲ್ಲಿ ಒಂದು ಕ್ವಿಂಟಾಲ್ ರಾಗಿಗಿಂತ ಹೆಚ್ಚು. ನನ್ನ ತಮ್ಮನಂಥವನು ಸಾಲ ಎತ್ತುವುದು ದೊಡ್ಡ ದೊಡ್ಡ ಖರ್ಚಿಗೆ ಮಾತ್ರವಲ್ಲ, ಇಂಥ ಯಾರೂ ಎಣಿಸದ ಐನೂರುಗಳಿಗೂ ಹೌದು.

ನಾಗರಬಾವಿಯ ಬಂಧುಗಳೇ, ನಿಮ್ಮನ್ನು ದೂರುವುದಕ್ಕೆ ಇದನ್ನು ಹೇಳಲಿಲ್ಲ. ಹೊಲ ಹೋದವನಿಗೆ ಬಾಡಿಗೆಯೇ ಬೆಳೆ. ಆದರೆ ಮಂಡಿಯಲ್ಲಿ ನಮ್ಮನ್ನು ಅಂದಾಜಿಗೆ ತೂಗಿದವರ ವಿರುದ್ಧ ಹೋರಾಡಿದ ನಾವು, ಇನ್ನೊಬ್ಬ ರೈತನ ಮಗನನ್ನು ಅಂದಾಜಿಗೆ ತೂಗಬಾರದು.

ಮನೆಯ ಲೆಕ್ಕದಿಂದ ಈಗ ಹೊಲದ ಲೆಕ್ಕಕ್ಕೆ ಬರುತ್ತೇನೆ, ಯಾಕೆಂದರೆ ಸೂತ್ರ ಅದೇ. ಒಂದು ಎಚ್.ಪಿ. ಅಂದರೆ 746 ವ್ಯಾಟು. 5 ಎಚ್.ಪಿ. ಪಂಪ್‌ಸೆಟ್ಟು 3,730 ವ್ಯಾಟು. ಮೋಟರಿನೊಳಗೆ ಬಿಸಿಯಾಗಿ ಹೋಗುವುದನ್ನೂ ಸೇರಿಸಿದರೆ ಗಂಟೆಗೆ ನಾಲ್ಕೂವರೆ ಯೂನಿಟ್ ಅನ್ನಿ. ದಿನಕ್ಕೆ ಐದು ಗಂಟೆಯಂತೆ ನೂರು ದಿನ ಓಡಿದರೆ 2,250 ಯೂನಿಟ್. ಮನೆಯ ದರದಲ್ಲೇ ಹಿಡಿದರೂ 15,750 ರೂಪಾಯಿ.

10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟು ಉಚಿತ. ಅದಕ್ಕೆ ಮುಂಚೆ, 1980ರ ನರಗುಂದ ನವಲಗುಂದದ ಗೋಲಿಬಾರಿನ ನಂತರ ರೈತ ಸಂಘ ಎದ್ದು ನಿಂತಾಗ, ಬಾಕಿ ವಸೂಲಿಗೆ ಬಂದವರನ್ನು ಊರ ಬಾಗಿಲಲ್ಲೇ ತಡೆದೆವು, ಜಪ್ತಿ ಮಾಡಿದ ಸಾಮಾನನ್ನು ಮರುಜಪ್ತಿ ಮಾಡಿ ತಂದೆವು. ಆಗ ನಮ್ಮ ಕೈಯಲ್ಲಿದ್ದ ಬಲ ದೊಣ್ಣೆಯದಲ್ಲ, ಲೆಕ್ಕದ್ದು. ಬೆಳೆಗೆ ಖರ್ಚು ಇಷ್ಟು, ಸರ್ಕಾರ ಕೊಟ್ಟ ಬೆಲೆ ಇಷ್ಟು, ಆದ್ದರಿಂದ ಬಾಕಿದಾರ ರೈತನಲ್ಲ, ಸರ್ಕಾರ ಅಂತ ಆ ಹಿರಿಯರು ತೋರಿಸಿಕೊಟ್ಟರು. ಉಚಿತ ಆದ ಮೇಲೆ ನಾವು ಲೆಕ್ಕ ಬಿಟ್ಟೆವು.

ನಾವು ಬಿಟ್ಟ ಲೆಕ್ಕವನ್ನು ಬೇರೆಯವರು ಹಿಡಿದಿದ್ದಾರೆ. ಮೀಟರಿಲ್ಲದ ಪಂಪ್‌ಸೆಟ್ಟುಗಳು ಎಷ್ಟು ಬಳಸಿದವು ಅನ್ನುವುದನ್ನು ಕಂಪನಿಗಳು ಫೀಡರಿನ ಮೇಲಿಂದ ಅಂದಾಜು ಮಾಡುತ್ತವೆ. ಹಣವನ್ನು ಸರ್ಕಾರ ಸಹಾಯಧನವಾಗಿ ಕಟ್ಟಬೇಕು. 2003ರ ವಿದ್ಯುತ್ ಕಾಯ್ದೆಯ 65ನೇ ಕಲಂ ಅದನ್ನು ಮುಂಗಡವಾಗಿ ಕಟ್ಟು ಅನ್ನುತ್ತೆ. ಹಾಗಾಗಿ ಅಂದಾಜು ಹೆಚ್ಚಾದಷ್ಟೂ ರೈತನ ಹೆಸರಿನಲ್ಲಿ ಬರೆಯುವ ಹಣ ಹೆಚ್ಚು. ಹಳೆಯ ತಂತಿಯಲ್ಲಿ ಸೋರಿದ್ದೆಷ್ಟು, ಕಳವಾದದ್ದೆಷ್ಟು, ನಿಜವಾಗಿ ಹೊಲಕ್ಕೆ ಬಂದದ್ದೆಷ್ಟು ಅಂತ ಕೇಳಬೇಕಾದರೆ ನಮ್ಮ ಕೈಯಲ್ಲಿ ನಮ್ಮದೇ ಬರಹ ಇರಬೇಕು. ಅದು ಇಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ, ದಯವಿಟ್ಟು ಗಮನ ಕೊಡಿ. ಬೆಂಬಲ ಬೆಲೆ ಗೊತ್ತುಮಾಡುವಾಗ ರೈತ ಕೈಯಿಂದ ಕೊಟ್ಟ ಖರ್ಚು ಮತ್ತು ಮನೆಮಂದಿಯ ದುಡಿಮೆ, ಇವೆರಡನ್ನು ಕೂಡಿ ಅದರ ಒಂದೂವರೆಯಷ್ಟು ಅಂತ ಕೇಂದ್ರ ಸರ್ಕಾರ ಹೇಳುತ್ತೆ. ಕೈಯಿಂದ ಕೊಡದ ಕರೆಂಟು ಆ ಪಟ್ಟಿಯಲ್ಲಿ ಸೊನ್ನೆ. ಖರ್ಚು ಸೊನ್ನೆಯಾದರೆ ಅಷ್ಟರಮಟ್ಟಿಗೆ ಬೆಲೆಯೂ ಕಡಿಮೆ. ಆ ಕಡಿಮೆ ಬೆಲೆಯ ಲಾಭ ಕೊಂಡು ತಿನ್ನುವವರಿಗೆ ಹೋಗುತ್ತೆ. ಬಿಟ್ಟಿ ಕರೆಂಟು ತಿಂದ ಅನ್ನುವ ಹೆಸರು ಮಾತ್ರ ರೈತನಿಗೆ ಉಳಿಯುತ್ತೆ. ಪಟ್ಟಣದವರು ಆಡಿಕೊಂಡಾಗ ನಾವು ಸಿಟ್ಟು ಮಾಡಿಕೊಂಡು ಎದ್ದು ಬರುತ್ತೇವೆ. ಸಿಟ್ಟು ಬೇಡ. "ನನ್ನ ಪಂಪ್‌ಸೆಟ್ಟು ಇಷ್ಟು ಗಂಟೆ ಓಡಿತು, ಇಷ್ಟು ಯೂನಿಟ್, ಇಷ್ಟು ರೂಪಾಯಿ. ಇದನ್ನು ಬೆಳೆಯ ಖರ್ಚಿಗೆ ಸೇರಿಸಿ ಬೆಲೆ ಕೊಡಿ, ನಾನೇ ಬಿಲ್ಲು ಕಟ್ಟುತ್ತೇನೆ" ಅನ್ನುವ ಉತ್ತರ ನಮ್ಮ ಬಾಯಲ್ಲಿರಬೇಕು. ಬೆಲೆ ಕೊಡದೆ ಉಚಿತ ಕಿತ್ತುಕೊಳ್ಳಲು ಬಂದರೆ ಅದನ್ನು ಎದುರಿಸಲಿಕ್ಕೂ ಇದೇ ಬರಹ ಬೇಕು.

ಈ ಕರೆಂಟಿನಲ್ಲಿ ನಮ್ಮ ಪಾಲೂ ಇದೆ ಅನ್ನುವುದನ್ನು ಮರೆಯಬೇಡಿ. 1902ರಲ್ಲಿ ಶಿವನಸಮುದ್ರದಿಂದ ಹೊರಟ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ನಡುವಿನ ಹಳ್ಳಿಗಳ ಹೊಲದ ಮೇಲೆ ತಂತಿ ಹಾದುಹೋಯಿತು. ದೀಪಕ್ಕೆ ಆ ಹಳ್ಳಿಗಳು ಎಷ್ಟೋ ವರ್ಷ ಕಾದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಮುಳುಗಿದ್ದು ಶರಾವತಿ ಕಣಿವೆಯ ರೈತರ ಗದ್ದೆ ತೋಟ. ಕರೆಂಟು ಯಾರೋ ನಮಗೆ ಕೊಡುವ ದಾನವಲ್ಲ. ಪಾಲುದಾರ ಅನ್ನಿಸಿಕೊಂಡವನು ಲೆಕ್ಕ ಕೇಳುತ್ತಾನೆ, ಲೆಕ್ಕ ಕೊಡುತ್ತಾನೆ.

ಆದ್ದರಿಂದ ಮೂರು ಕೆಲಸ ಮಾಡೋಣ. ಒಂದು, ಪ್ರತಿ ಮನೆಯಲ್ಲೂ ಮೀಟರಿನ ಪಕ್ಕ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ನೇತುಹಾಕಿ. ಪ್ರತಿ ಭಾನುವಾರ ರೀಡಿಂಗ್ ಬರೆಯಿರಿ. ಓದುವ ಮಗುವಿಗೆ ಈ ಕೆಲಸ ಕೊಡಿ, ಲೆಕ್ಕವೂ ಬರುತ್ತೆ. ಎರಡು, ಪಂಪ್‌ಸೆಟ್ಟಿನ ಮನೆಯ ಗೋಡೆಗೂ ಒಂದು ಪುಸ್ತಕ ಕಟ್ಟಿ. ಎಷ್ಟು ಗಂಟೆಗೆ ಕರೆಂಟು ಬಂತು, ಎಷ್ಟು ಗಂಟೆಗೆ ಹೋಯಿತು, ಮೋಟರು ಎಷ್ಟು ಹೊತ್ತು ಓಡಿತು, ಸುಟ್ಟರೆ ರಿಪೇರಿಗೆ ಎಷ್ಟಾಯಿತು, ಎಲ್ಲ ಬರೆಯಿರಿ. ಮೂರು, ಬಾಡಿಗೆಗೆ ಕೊಟ್ಟವರು ಮತ್ತು ಬಾಡಿಗೆಗೆ ಇರುವವರು ತಿಂಗಳಿಗೊಮ್ಮೆ ಒಟ್ಟಿಗೆ ನಿಂತು ಮೀಟರ್ ನೋಡಿ.

ಒಂದು ವರ್ಷ ಬರೆದ ಪುಸ್ತಕಗಳನ್ನು ತೆಗೆದುಕೊಂಡು ಮುಂದಿನ ವರ್ಷದ ಸಭೆಗೆ ಬನ್ನಿ. ನಾನೂ ನನ್ನ ಮನೆಯದು, ನನ್ನ ಪಂಪ್‌ಸೆಟ್ಟಿನದು ತರುತ್ತೇನೆ. ದರ ಏರಿಸುವ ಮುಂಚೆ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕೇಳುತ್ತೆ. ಅಲ್ಲಿ ಕಾರ್ಖಾನೆಯವರು ಲೆಕ್ಕದ ಪುಸ್ತಕ ಹಿಡಿದು ಕೂರುತ್ತಾರೆ. ನಾವು ಹಸಿರು ಶಾಲು ಹೊದ್ದು ಹೋಗುತ್ತೇವೆ. ಶಾಲು ಇರಲಿ, ಕೈಯಲ್ಲಿ ಪುಸ್ತಕವೂ ಇರಲಿ.